ಹಾಡು ಸಿಕ್ಕಿತು, ಹೆಸರು ಸಿಕ್ಕಿತೇ?

ಶಾಲೆ ಕಾಲೇಜುಗಳಲ್ಲಿ ಇಂಗ್ಲಿಷ್ ಪದ್ಯಗಳನ್ನು ಓದಿದ ನಮ್ಮಲ್ಲಿ ಬಹುತೇಕರಿಗೆ ವರ್ಡ್ಸ್‌ವರ್ತನ ‘ದಿ ಸಾಲಿಟರಿ ರೀಪರ್’ ನೆನಪಿರುತ್ತದೆ. ಸ್ಕಾಟ್ಲೆಂಡಿನ ಗುಡ್ಡಗಾಡಿನ ಹೊಲವೊಂದರಲ್ಲಿ ಹೆಣ್ಣುಮಗಳೊಬ್ಬಳು ಒಂಟಿಯಾಗಿ ಪೈರು ಕೊಯ್ಯುತ್ತ ಹಾಡುತ್ತಿದ್ದಾಳೆ. ದಾರಿಹೋಕನೊಬ್ಬ ನಿಂತು ಕೇಳುತ್ತಾನೆ. ಅವಳ ಭಾಷೆ ಅವನಿಗೆ ತಿಳಿಯದು; ಹಾಡಿನ ವಸ್ತು ಏನಿರಬಹುದೆಂದು ಊಹಿಸುತ್ತಾನೆ; ಕೊನೆಗೆ ಹಾಡನ್ನು ಎದೆಯಲ್ಲಿಟ್ಟುಕೊಂಡು ಬೆಟ್ಟವೇರಿ ಹೊರಟುಹೋಗುತ್ತಾನೆ. 1807ರಲ್ಲಿ ಪ್ರಕಟವಾದ ಈ ಕವಿತೆ ಎರಡು ಶತಮಾನಗಳಿಂದ ಓದುಗರ ನಡುವೆ ಜೀವಂತವಾಗಿದೆ. ಕವಿಗೆ ಈ ಚಿತ್ರ ದೊರೆತದ್ದು ಮಿತ್ರ ಥಾಮಸ್ ವಿಲ್ಕಿನ್ಸನ್ ಬರೆದಿಟ್ಟಿದ್ದ ಪ್ರವಾಸಕಥನದ ಹಸ್ತಪ್ರತಿಯ ಒಂದು ವಾಕ್ಯದಿಂದ. ಹೀಗೆ ಹಾಡು ಹೊಲದಿಂದ ಪ್ರವಾಸಿಗೆ, ಪ್ರವಾಸಿಯಿಂದ ಕವಿಗೆ, ಕವಿಯಿಂದ ಲೋಕಕ್ಕೆ ದಾಟಿ ಬಂತು. ಈ ಸರಪಳಿಯಲ್ಲಿ ಪ್ರವಾಸಿಗೆ ಹೆಸರಿದೆ, ಕವಿಗೆ ಹೆಸರಿದೆ. ಹಾಡಿದವಳಿಗೆ ಮಾತ್ರ ಇಲ್ಲ. ಅವಳು ಏನನ್ನು ಹಾಡುತ್ತಿದ್ದಾಳೆಂದು ಕವಿತೆ ಕೇಳುತ್ತದೆ. ಅವಳು ಯಾರೆಂದು ಕೇಳುವುದಿಲ್ಲ.

ಹೊಸ ಗಾಯಕರನ್ನು, ಅದರಲ್ಲೂ ಜಾನಪದ ಮತ್ತು ಸ್ವತಂತ್ರ ಸಂಗೀತದ ಕಲಾವಿದರನ್ನು ‘ಕಂಡುಹಿಡಿಯುವುದು’ ಇಂದು ನಮ್ಮೆಲ್ಲರಿಗೂ ಸುಲಭವಾಗಿ ಒದಗಿರುವ ಸಂತೋಷ. ಮುಂಬಯಿಯ ಲೋಕಲ್ ರೈಲಿನಲ್ಲೋ ದಿಲ್ಲಿಯ ಮೆಟ್ರೋದಲ್ಲೋ ನಿಂತಿದ್ದಾಗ ಯಾವುದೋ ಊರಿನ ತತ್ವಪದವೊಂದು ಕಿವಿಗೆ ಬೀಳುತ್ತದೆ; ಸಂಜೆಯೊಳಗೆ ಅದನ್ನು ಹತ್ತು ಮಂದಿ ಗೆಳೆಯರಿಗೆ ದಾಟಿಸಿರುತ್ತೇವೆ. ಈ ಸಂತೋಷಕ್ಕೂ ಒಂದು ಚರಿತ್ರೆಯಿದೆ. ಗ್ರಾಮೊಫೋನಿನ ಕಾಲದಿಂದ ಇಂದಿನವರೆಗೆ ಯಾರು ಯಾರನ್ನು ಹೇಗೆ ಕಂಡುಹಿಡಿದರು, ಹಾಗೆ ಕಂಡುಹಿಡಿದ ಮೇಲೆ ಹಾಡಿದವರ ಹೆಸರು, ಊರು, ಪಾಲು ಏನಾಯಿತು ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ಆ ಚರಿತ್ರೆಯ ಕೆಲವು ಪುಟಗಳನ್ನು ಇಲ್ಲಿ ತಿರುವಿ ನೋಡೋಣ.

ನಮ್ಮ ದೇಶದ ಮಟ್ಟಿಗೆ ಮೊದಲ ಪುಟ ತೆರೆಯುವುದು ಕಲ್ಕತ್ತೆಯಲ್ಲಿ, 1902ರ ನವೆಂಬರ್‌ನಲ್ಲಿ. ಲಂಡನ್ನಿನ ಗ್ರಾಮೊಫೋನ್ ಕಂಪನಿ ಪೂರ್ವದೇಶಗಳ ಹಾಡುಗಳನ್ನು ತಟ್ಟೆಗಿಳಿಸಿಕೊಂಡು ಬರಲೆಂದು ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕನ್ ತಂತ್ರಜ್ಞನನ್ನು ಕಳುಹಿಸಿತ್ತು. ಮೊದಲು ರಂಗಭೂಮಿಯ ಹಾಡುಗಾರ್ತಿಯರ ದನಿಯನ್ನು ಮುದ್ರಿಸಿಕೊಂಡ ಅವನಿಗೆ ತೃಪ್ತಿಯಾಗಲಿಲ್ಲ. ಆಗ ಸಿಕ್ಕಿದವರು ಗೌಹರ್ ಜಾನ್. ‘ಸಿಕ್ಕಿದವರು’ ಎಂಬುದು ಕಂಪನಿಯ ಕಡೆಯಿಂದ ನೋಡಿದಾಗಿನ ಮಾತು. ಕಲ್ಕತ್ತೆಯ ಸಂಗೀತ ರಸಿಕರಿಗೆ ಗೌಹರ್ ಅಷ್ಟರಲ್ಲಾಗಲೇ ಬಹುದೊಡ್ಡ ಹೆಸರು. ಅವರನ್ನು ಯಾರೂ ಹೊಸದಾಗಿ ಹುಡುಕಬೇಕಾಗಿರಲಿಲ್ಲ. ಕಂಪನಿಗೆ ಆ ನಗರದ ಪರಿಚಯ ಇರಲಿಲ್ಲವಷ್ಟೆ.

ಆ ಕಾಲದ ತಟ್ಟೆಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಬೆಳೆಯಬಲ್ಲ ಖಯಾಲನ್ನೂ ಠುಮ್ರಿಯನ್ನೂ ಗೌಹರ್ ಮೂರು ನಿಮಿಷಕ್ಕೆ ಮಡಿಚಿ, ಕೊನೆಯ ಕ್ಷಣದಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳಿ ಮುಗಿಸುತ್ತಿದ್ದರು. ಇದಕ್ಕೊಂದು ವ್ಯಾವಹಾರಿಕ ಕಾರಣವಿತ್ತು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಹಿಂದೂಸ್ತಾನಿ ಬಾರದ ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂದು ತಿಳಿಯಬೇಕಿತ್ತು. ಕಾರಣ ಯಾವುದಾದರೂ ಆಗಲಿ, ನೂರಿಪ್ಪತ್ತು ವರ್ಷಗಳ ಮೇಲೆ ಆ ಸವೆದ ತಟ್ಟೆಗಳನ್ನು ಕೇಳುವಾಗ ನಮಗೆ ಅದು ಅಂಕಿತದಂತೆ ಕೇಳಿಸುತ್ತದೆ. ನಮ್ಮ ವಚನಕಾರರೂ ಹರಿದಾಸರೂ ಪದದ ತುದಿಯಲ್ಲಿ ಅಂಕಿತವಿಟ್ಟರು. ಹಾಡು ಎಷ್ಟು ಬಾಯಿ ದಾಟಿದರೂ ಅದು ಯಾರದೆಂಬ ಗುರುತು ಹಾಡಿನೊಳಗೇ ಸಾಗಿಬಂತು. ಗೌಹರ್ ಯಂತ್ರದ ಕಾಲದ ಅಂಕಿತವನ್ನು ತಾವೇ ಹಾಕಿಕೊಂಡರು. ಕನ್ನಡಿಗರಾದ ನಮಗೆ ಈ ಕಥೆಯಲ್ಲಿ ಇನ್ನೂ ಒಂದು ನಂಟಿದೆ. ಸಂಪತ್ತು ಕರಗಿದ ಕೊನೆಗಾಲದಲ್ಲಿ ಅವರಿಗೆ ಆಶ್ರಯ ದೊರೆತದ್ದು ಮೈಸೂರಿನಲ್ಲಿ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಗಾಯಕಿಯಾಗಿ ನೇಮಕಗೊಂಡು, 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು.

ಗೌಹರ್ ತಮ್ಮ ಹೆಸರನ್ನು ತಾವೇ ಹೇಳಬಲ್ಲವರಾಗಿದ್ದರು. ಬೀಸುಕಲ್ಲಿನ ಮುಂದೆ ಕುಳಿತು ಹಾಡಿದವರ ಸ್ಥಿತಿ ಬೇರೆ. ಗೌಹರ್ ತೀರಿಕೊಂಡ ಮರುವರ್ಷ, 1931ರಲ್ಲಿ, ಬಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ಹೊರತಂದರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬರು ಆ ಬಳಗದವರು. ಯಂತ್ರವಿಲ್ಲ, ಸಂಸ್ಥೆಯಿಲ್ಲ, ಸರಕಾರದ ಹಣವಿಲ್ಲ. ತಮ್ಮದೇ ಊರಿನ, ತಮ್ಮದೇ ಮನೆಗಳ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳನ್ನು ಕಿವಿಗೊಟ್ಟು ಕೇಳಿ ಬರೆದುಕೊಂಡರು. ಕನ್ನಡ ನವೋದಯಕ್ಕೆ ಈ ಪುಸ್ತಕ ಮಾಡಿದ ಉಪಕಾರ ದೊಡ್ಡದು. ದೇಸಿಯ ಕಾವ್ಯವೆಂದರೇನೆಂದು ವಿದ್ಯಾವಂತರಿಗೆ ತೋರಿಸಿಕೊಟ್ಟದ್ದು ಇಂಥ ಸಂಕಲನಗಳೇ.

ಆದರೂ ಪುಸ್ತಕದ ಹೆಸರನ್ನು ಒಮ್ಮೆ ಗಮನಿಸಬೇಕು. ಅಲ್ಲಿ ಹಾಡಿದವಳು ಒಬ್ಬ ‘ಗರತಿ’. ಇಂಥ ಊರಿನ ಇಂಥವಳು ಎಂಬ ವ್ಯಕ್ತಿಯಲ್ಲ, ಒಂದು ಗುಣವಾಚಕ. ಇದನ್ನು ಹಲಸಂಗಿ ಗೆಳೆಯರ ಲೋಪವೆಂದು ಹೇಳುವುದು ಅನ್ಯಾಯ. ತ್ರಿಪದಿಯ ಸ್ವಭಾವವೇ ಹಾಗೆ. ಒಬ್ಬಳು ಕಟ್ಟಿದ ಸಾಲಿಗೆ ಮತ್ತೊಬ್ಬಳು ಇನ್ನೆರಡು ಸಾಲು ಸೇರಿಸುತ್ತಾಳೆ, ತವರಿನಲ್ಲಿ ಕಲಿತದ್ದು ಗಂಡನ ಮನೆಗೆ ಬರುತ್ತದೆ. ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳ ಹೆಸರನ್ನು ಅಚ್ಚಿನಲ್ಲಿ ಹಾಕುವುದನ್ನು ಆ ಕಾಲ ಒಪ್ಪುತ್ತಲೂ ಇರಲಿಲ್ಲ. ಕೃತಿಕಾರನಿಲ್ಲದ ಕಾವ್ಯ ಎಂಬ ಕಲ್ಪನೆ ಜಾನಪದಕ್ಕೆ ಅಂಟಿಕೊಂಡದ್ದು ಹೀಗೆ, ಗೌರವದಿಂದಲೇ. ಆದರೆ ಆ ಗೌರವದ ಪದವೇ ಮುಂದೆ ಇತರರಿಗೆ ಅನುಕೂಲವಾಯಿತು. ಯಾರದ್ದೂ ಅಲ್ಲದ ಹಾಡು ಯಾರು ಬೇಕಾದರೂ ಎತ್ತಿಕೊಳ್ಳಬಹುದಾದ ಹಾಡೂ ಆಗುತ್ತದೆ.

ಇದೇ ವರ್ಷಗಳಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ನಡೆದದ್ದನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಹತ್ತಿಯ ಹೊಲಗಳ ಕರಿಯ ಗಾಯಕರನ್ನು ಲೋಕ ಕಂಡುಹಿಡಿದ ಕಥೆ ಅದು. ಜಗತ್ತಿನ ಜನಪ್ರಿಯ ಸಂಗೀತದ ಅರ್ಧಕ್ಕರ್ಧ ಚರಿತ್ರೆ ಆ ಕಥೆಯಿಂದಲೇ ಹೊರಟಿದೆ ಎಂದರೆ ಅತಿಶಯೋಕ್ತಿಯಾಗದು.

1933ರಲ್ಲಿ ಜಾನ್ ಲೋಮ್ಯಾಕ್ಸ್ ಎಂಬ ಜಾನಪದ ಸಂಗ್ರಾಹಕರು ಮಗ ಆಲನ್ ಜೊತೆ ಕಾರಿನಲ್ಲಿ 315 ಪೌಂಡು, ಅಂದರೆ ಸುಮಾರು 140 ಕಿಲೋ ತೂಕದ ಮುದ್ರಣಯಂತ್ರವನ್ನು ಹೇರಿಕೊಂಡು ಜೈಲಿನಿಂದ ಜೈಲಿಗೆ ಸುತ್ತಿದರು. ಹೊರಗಿನ ರೇಡಿಯೊ, ತಟ್ಟೆಗಳ ಪ್ರಭಾವ ತಾಗದ ಹಳೆಯ ಹಾಡುಗಳು ಜೈಲಿನೊಳಗೆ ಉಳಿದಿರುತ್ತವೆ ಎಂಬುದು ಅವರ ಲೆಕ್ಕಾಚಾರ. ಲೂಸಿಯಾನಾದ ಅಂಗೋಲಾ ಸೆರೆಮನೆಯಲ್ಲಿ ಅವರಿಗೆ ಹಡೀ ಲೆಡ್‌ಬೆಟರ್ ಸಿಕ್ಕಿದ. ಹನ್ನೆರಡು ತಂತಿಯ ಗಿಟಾರು, ನೂರಾರು ಹಾಡುಗಳ ನೆನಪು. ಜನ ಅವನನ್ನು ಕರೆಯುತ್ತಿದ್ದ ಹೆಸರು ಲೆಡ್ ಬೆಲ್ಲಿ. 1934ರಲ್ಲಿ ಬಿಡುಗಡೆಯಾದ ಮೇಲೆ ಲೋಮ್ಯಾಕ್ಸರು ಅವನನ್ನು ನ್ಯೂಯಾರ್ಕಿನ ವಿದ್ಯಾವಂತರ ಮುಂದೆ ನಿಲ್ಲಿಸಿದರು. 1935ರ ಸುದ್ದಿಚಿತ್ರವೊಂದರಲ್ಲಿ ಅವನು ಮತ್ತೆ ಕೈದಿಯ ಬಟ್ಟೆ ತೊಟ್ಟು ತನ್ನದೇ ‘ಶೋಧ’ದ ಪ್ರಸಂಗವನ್ನು ಅಭಿನಯಿಸಬೇಕಾಯಿತು. ಕಾರ್ಯಕ್ರಮಗಳ ಹಣದ ಹಂಚಿಕೆಯಲ್ಲಿ ಜಗಳವಾಗಿ ಅದೇ ವರ್ಷ ಇಬ್ಬರೂ ದೂರವಾದರು.

ಲೆಡ್ ಬೆಲ್ಲಿ 1949ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಕೆಲವೇ ತಿಂಗಳ ಬಳಿಕ, 1950ರ ಬೇಸಿಗೆಯಲ್ಲಿ, ಅವನ ‘ಗುಡ್‌ನೈಟ್ ಐರೀನ್’ ಹಾಡನ್ನು ದಿ ವೀವರ್ಸ್ ಎಂಬ ತಂಡ ಹಾಡಿತು. ಅದು ವಾರಗಟ್ಟಲೆ ಅಮೆರಿಕದ ಮೊದಲ ಸ್ಥಾನದಲ್ಲಿ ನಿಂತಿತು. ಹಕ್ಕುಸ್ವಾಮ್ಯದ ಕಾಗದದಲ್ಲಿ ಇದ್ದದ್ದು ಲೆಡ್‌ಬೆಟರ್ ಜೊತೆಗೆ ಸಂಗ್ರಾಹಕ ಲೋಮ್ಯಾಕ್ಸರ ಹೆಸರು. ಲೆಡ್ ಬೆಲ್ಲಿಯಾದರೂ ಆ ಹಾಡನ್ನು ತನ್ನ ಚಿಕ್ಕಪ್ಪನಿಂದ ಕಲಿತವನು. ಹಾಡು ಯಾರದು ಎಂಬ ಪ್ರಶ್ನೆ ಇಲ್ಲಿ ನಿಜಕ್ಕೂ ಜಟಿಲ. ಆದರೆ ಅಷ್ಟು ಜಟಿಲವಾದ ಪ್ರಶ್ನೆಗೆ ಕಾಗದದ ಮೇಲೆ ದೊರೆತ ಉತ್ತರದಲ್ಲಿ, ಹಾಡನ್ನು ಬಾಯಲ್ಲಿಟ್ಟುಕೊಂಡು ಬಂದವನ ಪಕ್ಕದಲ್ಲೇ ಅದನ್ನು ಬರೆದುಕೊಂಡವನೂ ಪಾಲುದಾರನಾದ.

ಮಿಸಿಸಿಪ್ಪಿಯ ಜಾನ್ ಹರ್ಟ್‌ನ ಕಥೆ ಇದಕ್ಕಿಂತ ಮೃದುವಾದದ್ದು. ಅವಲಾನ್ ಎಂಬ ಸಣ್ಣ ಊರಿನ ಕೃಷಿ ಕೂಲಿಯಾದ ಈತನ ಹಾಡುಗಳನ್ನು ಓಕೇ ಕಂಪನಿ 1928ರಲ್ಲಿ ಮುದ್ರಿಸಿಕೊಂಡಿತು. ತಟ್ಟೆಗಳು ಅಷ್ಟಾಗಿ ಮಾರಾಟವಾಗಲಿಲ್ಲ. ಮರುವರ್ಷ ಆರ್ಥಿಕ ಕುಸಿತ ಬಂತು. ಹರ್ಟ್ ಹೊಲಕ್ಕೆ ಮರಳಿದ. 1952ರಲ್ಲಿ ಹ್ಯಾರಿ ಸ್ಮಿತ್ ಹಳೆಯ ತಟ್ಟೆಗಳನ್ನು ಒಟ್ಟುಗೂಡಿಸಿ ಹೊರತಂದ ಅಮೆರಿಕನ್ ಜಾನಪದ ಸಂಗೀತದ ಸಂಕಲನದಲ್ಲಿ ಹರ್ಟ್‌ನ ಎರಡು ಹಾಡುಗಳಿದ್ದವು. ನಗರಗಳ ಯುವಕರು ಅವನ್ನು ಕೇಳಿ ಕೇಳಿ ಗಿಟಾರ್ ಕಲಿತರು. ಆದರೆ ಗಾಯಕ ಬದುಕಿದ್ದಾನೆಯೇ, ಎಲ್ಲಿದ್ದಾನೆ ಎಂಬುದು ಅವರಿಗೆ ಗೊತ್ತಿರಲಿಲ್ಲ. 1963ರಲ್ಲಿ ಟಾಮ್ ಹಾಸ್ಕಿನ್ಸ್ ಎಂಬ ಸಂಗೀತಾಸಕ್ತನಿಗೆ ಸುಳಿವು ಸಿಕ್ಕಿದ್ದು ಹರ್ಟ್‌ನದೇ ಹಾಡೊಂದರಲ್ಲಿ; ಅದರೊಳಗೆ ಅವನು ತನ್ನ ಊರಿನ ಹೆಸರನ್ನು ಸೇರಿಸಿದ್ದ. ಹಳೆಯ ಭೂಪಟದಲ್ಲಿ ಅವಲಾನನ್ನು ಹುಡುಕಿ ಹಾಸ್ಕಿನ್ಸ್ ಅಲ್ಲಿಗೆ ಹೋದ. ಹಾಡು ಮೂವತ್ತೈದು ವರ್ಷ ತನ್ನೊಡೆಯನ ವಿಳಾಸವನ್ನು ಕಾಪಾಡಿಕೊಂಡು ಬಂದಿತ್ತು. ಎಪ್ಪತ್ತರ ಹರ್ಟ್ ಅದೇ ವರ್ಷ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಸಾವಿರಾರು ಜನರ ಮುಂದೆ ಕುಳಿತು ಹಾಡಿದ. 1966ರಲ್ಲಿ ತೀರಿಕೊಳ್ಳುವ ಮೊದಲು ಅವನಿಗೆ ದಕ್ಕಿದ ಕೀರ್ತಿಯ ಕಾಲ ಮೂರೇ ವರ್ಷ. ಆ ಊರಿನವರಿಗೆ ಮಾತ್ರ ಅವನು ಎಂದೂ ಕಳೆದುಹೋಗಿರಲಿಲ್ಲ.

ಈ ಶೋಧಗಳಲ್ಲಿ ಕೆಲವೊಮ್ಮೆ ಶೋಧಕನ ಹೆಸರೂ ಅಳಿಸಿಹೋಗುವುದುಂಟು. 1941ರಲ್ಲಿ ಮಿಸಿಸಿಪ್ಪಿಯ ಸ್ಟೋವಲ್ ತೋಟದಲ್ಲಿ ಟ್ರ್ಯಾಕ್ಟರ್ ನಡೆಸುತ್ತಿದ್ದ ಮಡ್ಡಿ ವಾಟರ್ಸ್‌ನ ದನಿಯನ್ನು ಮೊದಲು ಮುದ್ರಿಸಿಕೊಂಡವರು ಆಲನ್ ಲೋಮ್ಯಾಕ್ಸ್ ಎಂದು ಎಲ್ಲರಿಗೂ ಗೊತ್ತು. ಆ ಅಧ್ಯಯನ ಫಿಸ್ಕ್ ವಿಶ್ವವಿದ್ಯಾಲಯದ ಜೊತೆ ನಡೆದದ್ದೆಂದೂ, ಅಲ್ಲಿನ ಕರಿಯ ವಿದ್ವಾಂಸ ಜಾನ್ ವರ್ಕ್ ಅದರ ಮುಖ್ಯ ಪಾಲುದಾರರಾಗಿದ್ದರೆಂದೂ ಬಹಳ ಜನರಿಗೆ ತಿಳಿಯಲು ಅವರ ಬರಹಗಳು 2005ರಲ್ಲಿ ಪುಸ್ತಕರೂಪ ಪಡೆಯಬೇಕಾಯಿತು. ಮಡ್ಡಿ ವಾಟರ್ಸ್ ಮಾತ್ರ ಯಂತ್ರದಿಂದ ಹೊರಬಂದ ತನ್ನದೇ ದನಿಯನ್ನು ಕೇಳಿ, ತಾನೂ ಹಾಡುಗಾರನೆಂಬ ಧೈರ್ಯ ತಂದುಕೊಂಡು, 1943ರಲ್ಲಿ ಷಿಕಾಗೋಗೆ ಹೊರಟುಹೋದ. ಶೋಧದಿಂದ ಗಾಯಕನಿಗೆ ಆಗಬಹುದಾದ ಅತ್ಯುತ್ತಮ ಉಪಕಾರ ಬಹುಶಃ ಇದು: ಅವನ ದನಿ ಅವನಿಗೇ ಹಿಂದಿರುಗುವುದು.

ಜೈಲಿಗೋ ತೋಟಕ್ಕೋ ಹೋಗಿ ಹಾಡನ್ನು ಹಿಡಿದು ತರುವ ಈ ವಿಧಾನಕ್ಕಿಂತ ಬೇರೆಯಾದ ಇನ್ನೊಂದು ದಾರಿಯೂ ಉಂಟು. ಅದನ್ನು ಕಾಣಲು ನಮ್ಮ ದೇಶದ ಮರುಭೂಮಿಗೇ ಬರಬೇಕು. 1960ರಲ್ಲಿ ಜೋಧಪುರದ ಬಳಿಯ ಬೋರುಂದಾ ಎಂಬ ಹಳ್ಳಿಯಲ್ಲಿ ಕೋಮಲ್ ಕೋಠಾರಿ ಮತ್ತು ಕಥೆಗಾರ ವಿಜಯದಾನ್ ದೇಥಾ ಸೇರಿ ರೂಪಾಯನ್ ಸಂಸ್ಥಾನವನ್ನು ಕಟ್ಟಿದರು. ದೇಥಾ ಜನಪದ ಕಥೆಗಳ ಕಡೆ ಹೋದರು. ಕೋಠಾರಿ ಸಂಗೀತದ ಕಡೆ. ಪಶ್ಚಿಮ ರಾಜಸ್ಥಾನದ ಲಂಗಾ ಮತ್ತು ಮಾಂಗಣಿಯಾರ್ ಗಾಯಕರನ್ನು ‘ಕಂಡುಹಿಡಿದವರು’ ಎಂದು ಕೋಠಾರಿಯವರನ್ನು ಪತ್ರಿಕೆಗಳು ಕೊಂಡಾಡಿವೆ. ಆದರೆ ಅವರ ಜೀವಮಾನದ ಕೆಲಸವೇ ಆ ಪದವನ್ನು ತಿದ್ದುತ್ತದೆ.

ಈ ಗಾಯಕರಿಗೆ ತಲೆಮಾರುಗಳಿಂದ ತಮ್ಮದೇ ಕೇಳುಗರಿದ್ದರು. ಮಾಂಗಣಿಯಾರರು ಮುಸಲ್ಮಾನರು, ಅವರ ಯಜಮಾನರಲ್ಲಿ ಹೆಚ್ಚಿನವರು ರಜಪೂತರೇ ಮೊದಲಾದ ಹಿಂದೂ ಮನೆತನಗಳವರು. ಯಜಮಾನನ ಮನೆಯಲ್ಲಿ ಮಗು ಹುಟ್ಟಿದರೆ, ಮದುವೆಯಾದರೆ ಅವರು ಹೋಗಿ ಹಾಡಬೇಕು. ಮನೆತನದ ವಂಶಾವಳಿ ಅವರ ನಾಲಗೆಯ ಮೇಲಿರಬೇಕು. ಪ್ರತಿಯಾಗಿ ಧಾನ್ಯ, ದನಕರು, ಹಣ ಅವರಿಗೆ ಹಕ್ಕಿನಿಂದ ಸಲ್ಲುತ್ತಿತ್ತು. ಕುದುರೆಬಾಲದ ಕೂದಲಿನ ಕಮಾನಿನಿಂದ ನುಡಿಯುವ, ದುಂಡನೆಯ ಚರ್ಮದ ಹೊಟ್ಟೆಯ ಕಮಾಯಿಚಾ ವಾದ್ಯ ಆ ಮನೆಗಳ ಅಂಗಳದಲ್ಲಿ ಶತಮಾನಗಳಿಂದ ನುಡಿದಿತ್ತು. ಹೀಗಿರುವಾಗ ಯಾರನ್ನು ಯಾರು ಕಂಡುಹಿಡಿದಂತಾಯಿತು? ಅವರನ್ನು ಅರಿಯದೇ ಇದ್ದದ್ದು ನಗರ ಮಾತ್ರ.

ಕೋಠಾರಿ ಹಾಡನ್ನಷ್ಟೇ ಮುದ್ರಿಸಿಕೊಂಡು ಹಿಂತಿರುಗಲಿಲ್ಲ. ಯಾವ ಹಾಡು ಯಾವ ಮನೆಯದು, ಯಾವ ಸಂದರ್ಭದ್ದು, ಅದನ್ನು ಹಾಡುವ ಹಕ್ಕು ಯಾರಿಗೆ ಎಂದು ನಾಲ್ಕು ದಶಕ ಕಾಲ ವಿಚಾರಿಸುತ್ತಲೇ ಹೋದರು. ರಾಜಸ್ಥಾನದ ಸಂಸ್ಕೃತಿಯನ್ನು ಅವರು ರಾಜಮನೆತನಗಳ ಗಡಿಯಿಂದ ವಿಂಗಡಿಸಲಿಲ್ಲ. ಸಜ್ಜೆ, ಜೋಳ, ಮೆಕ್ಕೆಜೋಳ ಎಂದು ಜನ ಉಣ್ಣುವ ಧಾನ್ಯದಿಂದ ವಿಂಗಡಿಸಿ ನೋಡಿದರು. ರಾಗಿಯ ಸೀಮೆಯ ಹಾಡಿಗೂ ಜೋಳದ ಸೀಮೆಯ ಹಾಡಿಗೂ ಇರುವ ವ್ಯತ್ಯಾಸವನ್ನು ಬಲ್ಲ ನಮಗೆ ಇದರ ಮರ್ಮ ಥಟ್ಟನೆ ತಿಳಿದೀತು. ಮುಂದೆ ಈ ಕಲಾವಿದರು ದೇಶವಿದೇಶಗಳ ವೇದಿಕೆ ಏರಿದರು. ಹಮೀರಾ ಗ್ರಾಮದ ಕಮಾಯಿಚಾ ವಾದಕ ಸಾಕರ್ ಖಾನರಿಗೆ 2012ರಲ್ಲಿ ಪದ್ಮಶ್ರೀ ಬಂತು. ಕೋಠಾರಿ ತೀರಿಕೊಂಡದ್ದು 2004ರಲ್ಲಿ. ಅವರು ಬಿಟ್ಟುಹೋದ ಸಾವಿರಾರು ಗಂಟೆಗಳ ಮುದ್ರಣಗಳ ಹಿಂದೆ ನಿಂತದ್ದು ಒಂದು ಸರಳ ಶಿಸ್ತು. ಹಾಡಿಗಿಂತ ಮೊದಲು ಹಾಡುವವರ ಬದುಕನ್ನು ಕೇಳಿ ತಿಳಿಯುವುದು.

ಇದೇ ಶಿಸ್ತು ನಮ್ಮ ಕರಾವಳಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದದ್ದನ್ನು ಕನ್ನಡ ಓದುಗರು ಹೆಮ್ಮೆಯಿಂದ ನೆನೆಯಬೇಕು. 1990ರ ಡಿಸೆಂಬರ್‌ನಲ್ಲಿ ಬೆಳ್ತಂಗಡಿ ತಾಲೂಕಿನ ಉಜಿರೆಯ ಬಳಿಯ ಮಾಚಾರಿನ ಗೋಪಾಲ ನಾಯ್ಕರು ತುಳುವಿನ ಸಿರಿ ಕಾವ್ಯವನ್ನು ಹಲವು ದಿನ ಕುಳಿತು ಹಾಡಿದರು. ಮುದ್ರಿಸಿಕೊಂಡವರು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ, ಆನೆಲಿ ಹೊಂಕೊ, ನಮ್ಮವರೇ ಆದ ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರು. ಹಾಡು ಬರಹಕ್ಕಿಳಿದಾಗ 15,683 ಸಾಲುಗಳಾದವು. ಗ್ರೀಕರ ಇಲಿಯಡ್ ಕಾವ್ಯದ ಸಾಲುಗಳ ಲೆಕ್ಕ ಇದಕ್ಕಿಂತ ಕೇವಲ ಹತ್ತು ಹೆಚ್ಚು. ಬೇಸಾಯ ಮಾಡಿಕೊಂಡು, ಸಿರಿ ಆಲಡೆಗಳಲ್ಲಿ ಸಿರಿಗಳ ದಲ್ಯವನ್ನು ಮುನ್ನಡೆಸುತ್ತಿದ್ದ ಒಬ್ಬ ವ್ಯಕ್ತಿಯ ನೆನಪಿನಲ್ಲಿ, ಕೈಬರಹದ ಒಂದು ಚೀಟಿಯ ಆಸರೆಯೂ ಇಲ್ಲದೆ, ಹೋಮರನ ಅಳತೆಯ ಕಾವ್ಯವಿತ್ತು.

1998ರಲ್ಲಿ ಹೆಲ್ಸಿಂಕಿಯಿಂದ ಎರಡು ಸಂಪುಟಗಳಲ್ಲಿ ಹೊರಬಂದ ಆ ಪುಸ್ತಕದ ಶೀರ್ಷಿಕೆಯನ್ನು ಕನ್ನಡದಲ್ಲಿ ‘ಗೋಪಾಲ ನಾಯ್ಕರು ಹಾಡಿದಂತೆ ಸಿರಿ ಕಾವ್ಯ’ ಎನ್ನಬಹುದು. ‘ಹಾಡಿದಂತೆ’ ಎಂಬ ಒಂದು ಪದದಲ್ಲಿ ಜಟಿಲವಾದ ಪ್ರಶ್ನೆಗೆ ನ್ಯಾಯವಾದ ಉತ್ತರವಿದೆ. ಸಿರಿಯ ಕಥೆ ತುಳುವರೆಲ್ಲರದು. ಅದನ್ನು ಗೋಪಾಲ ನಾಯ್ಕರು ತಮ್ಮದೆಂದು ಹೇಳಿಕೊಳ್ಳಲಿಲ್ಲ. ಆದರೆ ಈ ರೂಪ, ಈ ವಿಸ್ತಾರ, ಈ ಉಸಿರು ಅವರದು. ಪರಂಪರೆಯ ಸ್ವತ್ತೂ ವ್ಯಕ್ತಿಯ ಪ್ರತಿಭೆಯೂ ಒಂದೇ ಮುಖಪುಟದಲ್ಲಿ ಜಾಗ ಪಡೆದವು. ಹಲಸಂಗಿಯ ‘ಗರತಿ’ಯಿಂದ ಮಾಚಾರಿನ ಗೋಪಾಲ ನಾಯ್ಕರವರೆಗಿನ ಅರವತ್ತೇಳು ವರ್ಷಗಳ ದಾರಿಯಲ್ಲಿ ಕನ್ನಡನಾಡಿನ ಜಾನಪದ ಅಧ್ಯಯನ ಕಲಿತ ದೊಡ್ಡ ಪಾಠ ಇದೇ ಎಂದು ನಮಗೆ ತೋರುತ್ತದೆ.

ಹಾಗಾದರೆ ಇಂದಿನ ಸ್ಥಿತಿ ಏನು? ಅಂಕೋಲಾ ತಾಲೂಕಿನ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು 2017ರಲ್ಲಿ ಪದ್ಮಶ್ರೀ ಪಡೆದರು. 2025ರಲ್ಲಿ ಅವರು ತೀರಿಕೊಂಡಾಗ ನಾಡೇ ಅವರ ಹೆಸರು ಹೇಳಿ ದುಃಖಿಸಿತು. 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳನ್ನು ಗಿಟಾರಿನ ಮೇಲೆ ಹಾಡಿದಾಗ ಕನ್ನಡ ಬಾರದ ಯುವಕರೂ ತಲೆದೂಗಿದರು. 1889ರಲ್ಲಿ ತೀರಿಕೊಂಡ ಶರೀಫರ ಅಂಕಿತ ಎಷ್ಟೇ ಗಟ್ಟಿಯಾದ ಡ್ರಮ್ಮಿನ ನಡುವೆಯೂ ಪದದೊಳಗೆ ಭದ್ರವಾಗಿದೆ. ಆದರೆ ಅಂಕಿತವಿಲ್ಲದ ಹಾಡುಗಳ ಗತಿ ಬೇರೆ. ಆನ್‌ಲೈನ್ ವೇದಿಕೆಗಳಲ್ಲಿ ಕೃತಿಕಾರರ ಹೆಸರಿರಬೇಕಾದ ಜಾಗದಲ್ಲಿ ‘ಸಾಂಪ್ರದಾಯಿಕ’ ಎಂಬ ಒಂದೇ ಪದ ಇರುವುದನ್ನು ನಾವು ಎಷ್ಟೋ ಸಲ ಕಾಣುತ್ತೇವೆ. ಹಾಡನ್ನು ಹೊಸ ತಂಡಕ್ಕೆ ಕಲಿಸಿಕೊಟ್ಟ ಅಜ್ಜಿಯೋ ಜೋಗಿಯೋ ಆ ಪದದ ಹಿಂದೆ ಮರೆಯಾಗಿರುತ್ತಾರೆ.

ಹೆಸರು ಗೊತ್ತಿದ್ದ ಕಡೆಯೂ ಅದು ಜಾರಿಹೋಗಬಹುದು. 2021ರ ಮಾರ್ಚ್‌ನಲ್ಲಿ ಚೆನ್ನೈಯಿಂದ ಹೊರಟು ಲೋಕವನ್ನೇ ಸುತ್ತಿದ ‘ಎಂಜಾಯ್ ಎಂಜಾಮಿ’ ಹಾಡಿನ ಪ್ರಸಂಗ ನಮ್ಮ ಚೆನ್ನೈ ಓದುಗರಿಗೆ ನೆನಪಿದ್ದೀತು. ಧೀ ಮತ್ತು ಅರಿವು ಸೇರಿ ಹಾಡಿದ ಆ ಹಾಡಿನ ಹಿಂದೆ ತೋಟದಲ್ಲಿ ದುಡಿದ ಅರಿವು ಅವರ ಅಜ್ಜಿಯ ನೆನಪಿದೆ. ಅದೇ ಆಗಸ್ಟ್‌ನಲ್ಲಿ ಸಂಗೀತ ಪತ್ರಿಕೆಯಾದ ರೋಲಿಂಗ್ ಸ್ಟೋನ್ ಇಂಡಿಯಾದ ಮುಖಪುಟದಲ್ಲಿ ಧೀ ಇದ್ದರು, ಅರಿವು ಇರಲಿಲ್ಲ. ಚಿತ್ರನಿರ್ದೇಶಕ ಪಾ. ರಂಜಿತ್ ಮೊದಲಾದವರು ಆಕ್ಷೇಪಿಸಿದ ಮೇಲೆ ಪತ್ರಿಕೆ ಅರಿವು ಅವರದೇ ಇನ್ನೊಂದು ಡಿಜಿಟಲ್ ಮುಖಪುಟ ತಂದಿತು. ಕೇಳುಗರು ದನಿಯೆತ್ತಿದರೆ ಹೆಸರು ಹಿಂದಿರುಗುತ್ತದೆ ಎಂಬುದು ಇದರಲ್ಲಿರುವ ಸಮಾಧಾನ.

ಕಾನೂನೂ ಈ ಮಾತಿಗೆ ಬೆಂಬಲವಾಗಿದೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯಿದೆಗೆ 1994ರ ತಿದ್ದುಪಡಿಯಿಂದ ಪ್ರದರ್ಶಕರ ಹಕ್ಕು ಸೇರಿತು. 2012ರ ತಿದ್ದುಪಡಿಯ 38ಬಿ ಕಲಮು, ಪ್ರದರ್ಶನವನ್ನು ನೀಡಿದವರು ಅದು ತಮ್ಮದೆಂದು ಗುರುತಿಸಿಕೊಳ್ಳುವುದನ್ನು ನೈತಿಕ ಹಕ್ಕಾಗಿ ಒಪ್ಪಿತು. ಹಾಡು ಪರಂಪರೆಯದ್ದಾಗಿದ್ದರೂ ಹಾಡಿದ ದನಿ ಒಬ್ಬ ವ್ಯಕ್ತಿಯದು. ಆ ವ್ಯಕ್ತಿಗೆ ಹೆಸರಿನ ಹಕ್ಕುಂಟು. ಕಡತಗಳ ನಡುವೆ ಬದುಕುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು: ಕಾಗದದಲ್ಲಿ ಹೆಸರಿಲ್ಲದವರಿಗೆ ಕೊಡಬೇಕಾದದ್ದನ್ನು ಕೊಡಲು ಯಾವ ಕಚೇರಿಗೂ ಆಗುವುದಿಲ್ಲ. ಹೆಸರು ದಾಖಲಾದರೆ ಮಾತ್ರ ಪಾಲಿನ ಮಾತು ಶುರುವಾಗುತ್ತದೆ.

ಊರಿನಿಂದ ದೂರವಿರುವ ಕನ್ನಡಿಗರಿಗೆ ಇದು ಹೊರಗಿನವರ ವಿಚಾರವಲ್ಲ. ಹೊರನಾಡಿನಲ್ಲಿ ರಾಜ್ಯೋತ್ಸವ ಬಂತೆಂದರೆ ನಾಡಿನಿಂದ ಕಲಾತಂಡಗಳು ಬರುತ್ತವೆ. ಎರಡು ದಿನ ರೈಲಿನಲ್ಲಿ ಡೊಳ್ಳನ್ನೋ ಚೌಡಿಕೆಯನ್ನೋ ಕಾಪಾಡಿಕೊಂಡು ಬಂದ ಕಲಾವಿದರು ವೇದಿಕೆಯ ಮೇಲೆ ನಿಂತಾಗ ಸಭಾಂಗಣದಲ್ಲಿ ಕಣ್ಣೊದ್ದೆಯಾಗದವರು ಕಡಿಮೆ. ಇಂಥ ಸಮಾರಂಭಗಳ ಆಮಂತ್ರಣ ಪತ್ರಿಕೆಗಳ ಒಂದು ರೂಢಿ ಎಲ್ಲರಿಗೂ ಪರಿಚಿತ. ಮುಖ್ಯ ಅತಿಥಿಗಳ ಹೆಸರು ಪದವಿ ಬಿರುದುಗಳ ಸಮೇತ ಇರುತ್ತದೆ. ಕೆಳಗೆ ‘ಜಾನಪದ ಕಲಾತಂಡದಿಂದ ಡೊಳ್ಳು ಕುಣಿತ’ ಎಂಬ ಒಂದು ಸಾಲು. ಆ ತಂಡದಲ್ಲಿ ಮುಂದಿನ ಗೋಪಾಲ ನಾಯ್ಕರೋ ಸುಕ್ರಜ್ಜಿಯೋ ಇರಬಹುದು. ಹತ್ತು ಹೆಸರುಗಳನ್ನು ಅಚ್ಚು ಹಾಕಿಸಲು ತಗಲುವ ಖರ್ಚು ಏನೇನೂ ಅಲ್ಲ.

ಹೊಸ ಹಾಡುಗಾರರನ್ನು ಮೊದಲು ಕೇಳಿದವರು ನಾವೇ ಎಂಬ ಸಂತೋಷ ಸಹಜವಾದದ್ದು, ಒಳ್ಳೆಯದು ಕೂಡ. ಆ ಸಂತೋಷವಿಲ್ಲದೆ ಹಲಸಂಗಿಯ ಗೆಳೆಯರು ಬರೆದುಕೊಳ್ಳುತ್ತಿರಲಿಲ್ಲ, ಹಾಸ್ಕಿನ್ಸ್ ಭೂಪಟ ಹುಡುಕುತ್ತಿರಲಿಲ್ಲ. ಅದರ ಜೊತೆಗೆ ಒಂದು ಸಣ್ಣ ಕೆಲಸವನ್ನೂ ರೂಢಿಸಿಕೊಳ್ಳಬಹುದು. ಹಾಡೊಂದನ್ನು ಗೆಳೆಯರಿಗೆ ದಾಟಿಸುವ ಮುನ್ನ ಹಾಡಿದವರ ಹೆಸರು, ಊರು ಹುಡುಕಿ ಒಂದು ಸಾಲು ಬರೆಯುವುದು. ಸಭೆಗೆ ಕರೆದರೆ ಹೆಸರನ್ನು ಅಚ್ಚುಹಾಕಿ, ಸಂಭಾವನೆಯನ್ನು ಮೊದಲೇ ಮಾತಾಡಿ ಕೊಡುವುದು. ಮುದ್ರಿಸಿಕೊಂಡದ್ದರ ಪ್ರತಿಯೊಂದನ್ನು ಅವರ ಕೈಗೇ ಕಳುಹಿಸುವುದು. ಸ್ಕಾಟ್ಲೆಂಡಿನ ಹೊಲದಲ್ಲಿ ಪೈರು ಕೊಯ್ದ ಆ ಹೆಣ್ಣುಮಗಳ ಹೆಸರು ಇನ್ನು ಯಾರಿಗೂ ಸಿಗಲಾರದು. ಮುಂದಿನ ರಾಜ್ಯೋತ್ಸವಕ್ಕೆ ನಮ್ಮೂರಿಗೆ ಬರುವ ಹಾಡುಗಾರ್ತಿಯ ಹೆಸರನ್ನು ಮಾತ್ರ ಇವತ್ತೇ ಫೋನು ಮಾಡಿ ಕೇಳಿ ಬರೆದುಕೊಳ್ಳಬಹುದು.